ಉಸುಕು ಹೊಲದ ಗೋಧಿ: ಗೊಬ್ಬರಕ್ಕೆ ನೀರು, ನೀರಿಗೆ ಗೊಬ್ಬರ

ಗೋಧಿ ಅಂದರೆ ಎರಿ ಹೊಲದ ಬೆಳೆ ಎಂಬ ಮಾತು ನಮ್ಮ ಕಡೆ ಗಟ್ಟಿಯಾಗಿ ಕೂತಿದೆ. ಎರಿ ನೆಲ ಮುಂಗಾರಿಯಲ್ಲಿ ಕುಡಿದ ನೀರನ್ನು ಹಿಂಗಾರಿಯ ತನಕ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ಬಿತ್ತಿ ಬಂದರೆ ಆ ಹಸಿ ಮತ್ತು ಚಳಿಯ ಮೇಲೇ ಬೆಳೆ ಎದ್ದು ನಿಲ್ಲುತ್ತದೆ. ಆದರೆ ಬಾದಾಮಿ ತಾಲೂಕಿನಲ್ಲಿ ಎಲ್ಲರಿಗೂ ಎರಿ ಹೊಲ ಬಂದಿಲ್ಲ. ಕೆಂಪು ಕಲ್ಲಿನ ಗುಡ್ಡಗಳ ಬುಡದಲ್ಲಿ, ಆ ಕಲ್ಲೇ ಸವೆದು ಆದ ಉಸುಕು ನೆಲ ಬಹಳ ಇದೆ. ನಮ್ಮದು ಅಂಥದ್ದು. ಮಳೆ ನಿಂತು ಒಂದು ತಾಸಿಗೆ ಚಪ್ಪಲಿಗೆ ಕೆಸರು ಅಂಟದಂತೆ ಅಡ್ಡಾಡಬಹುದು. ಗಳೆ ಹೊಡೆಯಲು ಹಗುರ, ಶೇಂಗಾ ಕೀಳಲು ಸಲೀಸು. ಗೋಧಿಗೆ ಮಾತ್ರ ಮಲತಾಯಿ.

ಆದರೂ ಪ್ರತಿ ವರ್ಷ ಒಂದು ಎಕರೆ ಗೋಧಿ ಬಿತ್ತುವುದು ನಮ್ಮ ಮನೆಯ ರೂಢಿ. ಉಣ್ಣುವವರು ಏಳು ಮಂದಿ. ಚಪಾತಿಗೆ, ಸಜ್ಜಕಕ್ಕೆ, ಮಾದಲಿಗೆ, ಹಬ್ಬದ ಹುಗ್ಗಿಗೆ ಪೇಟೆಯ ಗೋಧಿ ತರುವುದಾದರೆ ಒಕ್ಕಲುತನ ಯಾತಕ್ಕೆ ಎಂದು ಅವ್ವ ಕೇಳುತ್ತಾಳೆ. ಆ ಎಕರೆಯಿಂದ ಆರು ಕ್ವಿಂಟಲ್ ಆಸುಪಾಸು ಬರುತ್ತಿತ್ತು. ಎರಿ ಹೊಲಕ್ಕೆ ನೀರು ಹಾಯಿಸುವವರು ಇದರ ಎರಡರಷ್ಟು ತೆಗೆಯುತ್ತಾರೆ.

ನಮ್ಮ ಬೋರ್‌ವೆಲ್ ದೊಡ್ಡಪ್ಪನ ಮನೆಯವರ ಜೊತೆ ಪಾಲಿನದು. ಒಂದು ದಿನ ಅವರ ಪಾಳಿ, ಒಂದು ದಿನ ನಮ್ಮದು. ನೀರು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಾಗ ಮನೆಯಲ್ಲಿ ಎರಡು ಮಾತು ಎದ್ದವು. “ಗೋಧಿ ಬಿಟ್ಟ ಬಿಡೂಣು, ಹುರಳಿ ಬಿತ್ತೂಣು, ಹುರಳಿಗೆ ನೀರ ಬ್ಯಾಡ” ಎಂದು ನನ್ನ ಹೆಂಡತಿ. “ಅಪ್ಪನ ಕಾಲದಿಂದ ಎಕರೆ ತುಂಬ ಬಿತ್ತೀವಿ, ಅದನ್ನ ಬಿಡಬಾರದು” ಎಂದು ನಮ್ಮಣ್ಣ. ಇದ್ದ ನೀರಿನಲ್ಲಿ ಈ ಉಸುಕಿನಿಂದ ಎಷ್ಟು ಗೋಧಿ ತೆಗೆಯಲಾದೀತು ಎಂದು ಬಾಯಿ ಮಾತಿನಲ್ಲಿ ಬಗೆಹರಿಯುವಂತೆ ಕಾಣಲಿಲ್ಲ. ಅಣ್ಣನನ್ನು ಒಪ್ಪಿಸಿ 2022ರ ಹಿಂಗಾರಿಯಲ್ಲಿ ಅರ್ಧ ಎಕರೆಯನ್ನು ಅಳೆದು ನೋಡಲೆಂದು ತೆಗೆದಿಟ್ಟೆ. ಉಳಿದರ್ಧ ಅವನ ಪದ್ಧತಿಯಲ್ಲೇ ನಡೆಯಿತು.

ನಾಲ್ಕು ತುಂಡುಗಳ ಲೆಕ್ಕ

ಐದೈದು ಗುಂಟೆಯ ನಾಲ್ಕು ತುಂಡು. ನಾಲ್ಕಕ್ಕೂ ಒಂದೇ ಬೀಜ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿ.ಡಬ್ಲ್ಯೂ.ಆರ್.-162. ಒಂದೇ ದಿನ ಬಿತ್ತನೆ, ನವೆಂಬರ್ 8. ರಸಗೊಬ್ಬರವೂ ಒಂದೇ: ತುಂಡಿಗೆ 8 ಕಿಲೋ ಡಿಎಪಿ, 4 ಕಿಲೋ ಪೊಟ್ಯಾಷ್, ಮೇಲುಗೊಬ್ಬರವಾಗಿ ಎರಡು ಕಂತಿನಲ್ಲಿ 8 ಕಿಲೋ ಯೂರಿಯಾ. ಬೇರೆ ಮಾಡಿದ್ದು ಎರಡೇ ಸಂಗತಿ. ಎರಡು ತುಂಡಿಗೆ ಕಳಿತ ಕಾಂಪೋಸ್ಟ್ ಅರ್ಧರ್ಧ ಟನ್ ಹಾಕಿದೆ, ಎರಡಕ್ಕೆ ಹಾಕಲಿಲ್ಲ. ಎರಡು ತುಂಡಿಗೆ ನೀರನ್ನು ಊರ ಪದ್ಧತಿಯಂತೆ ಎರಡು ವಾರಕ್ಕೊಮ್ಮೆ ಗಡದ್ದಾಗಿ ಬಿಟ್ಟೆ, ಎರಡಕ್ಕೆ ಏಳೆಂಟು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ.

ಒಟ್ಟು ನೀರು ಮಾತ್ರ ಸಮ. ಇದನ್ನು ಅಳೆಯುವುದು ಬಹಳ ಸುಲಭ, ಎಲ್ಲರೂ ಮಾಡಬಹುದು. 200 ಲೀಟರಿನ ಡ್ರಮ್ಮನ್ನು ಪೈಪಿನ ಬಾಯಿಗೆ ಹಿಡಿದು ಗಡಿಯಾರ ನೋಡಿದರಾಯಿತು. ಆ ವರ್ಷ ನಮ್ಮ ಡ್ರಮ್ ತುಂಬಲು 72 ಸೆಕೆಂಡು ಹಿಡಿಯಿತು. ಅಂದರೆ ತಾಸಿಗೆ 10,000 ಲೀಟರ್. ಐದು ಗುಂಟೆಯ ಮೇಲೆ ಒಂದು ಇಂಚು, ಅಂದರೆ 25 ಮಿ.ಮೀ. ನೀರು ನಿಲ್ಲಿಸಲು ಸುಮಾರು 12,600 ಲೀಟರ್ ಬೇಕು. ಅದು ಒಂದೂಕಾಲು ತಾಸಿನ ಪಂಪು. ಮೊಳಕೆ ನೀರು ಬಿಟ್ಟು, ಗಡದ್ದು ನೀರಿನ ತುಂಡುಗಳಿಗೆ ಎರಡೂವರೆ ತಾಸಿನಂತೆ ಆರು ಸಲ, ಸ್ವಲ್ಪ ನೀರಿನ ತುಂಡುಗಳಿಗೆ ಒಂದೂಕಾಲು ತಾಸಿನಂತೆ ಹನ್ನೆರಡು ಸಲ. ಎರಡೂ ಕೂಡಿದರೆ ಹದಿನೈದು ತಾಸೇ.

ರಾಶಿಯಾದ ಮೇಲೆ ತೂಗಿದಾಗ ಹೀಗೆ ಬಂತು. ಗೊಬ್ಬರವಿಲ್ಲದೆ ಗಡದ್ದು ನೀರು ಕುಡಿದ ತುಂಡಿನಲ್ಲಿ 78 ಕಿಲೋ. ಕಾಂಪೋಸ್ಟ್ ಹಾಕಿಯೂ ಗಡದ್ದು ನೀರು ಬಿಟ್ಟಲ್ಲಿ 92. ಗೊಬ್ಬರವಿಲ್ಲದೆ ಸ್ವಲ್ಪ ಸ್ವಲ್ಪ ನೀರು ಕೊಟ್ಟಲ್ಲಿ 104. ಕಾಂಪೋಸ್ಟ್ ಮತ್ತು ಸ್ವಲ್ಪ ಸ್ವಲ್ಪ ನೀರು ಎರಡೂ ಇದ್ದಲ್ಲಿ 148 ಕಿಲೋ.

ಬರೀ ಗೊಬ್ಬರದಿಂದ ಹೆಚ್ಚಿದ್ದು 14 ಕಿಲೋ, ಬರೀ ನೀರಿನ ಕ್ರಮದಿಂದ 26. ಎರಡನ್ನೂ ಕೂಡಿಸಿದರೆ 40 ಹೆಚ್ಚಬೇಕಿತ್ತು. ಹೆಚ್ಚಿದ್ದು 70. ಇದು ಒಂದು ಹೊಲದ, ಒಂದು ವರ್ಷದ ತೂಕ. ಇದನ್ನು ಸಂಶೋಧನೆ ಎಂದು ಯಾರೂ ತಿಳಿಯಬಾರದು. ಆದರೆ ಆ ಮೂವತ್ತು ಕಿಲೋ ಎಲ್ಲಿಂದ ಬಂತು ಎಂಬುದು ನನ್ನ ತಲೆಯಲ್ಲಿ ಉಳಿಯಿತು.

ಉಸುಕು ಯಾಕೆ ಹೀಗೆ

ಉಸುಕಿನ ಹರಳು ದಪ್ಪ, ಸಂದುಗಳೂ ದೊಡ್ಡವು. ನೀರು ನಿಲ್ಲದೆ ಕೆಳಗಿಳಿಯುತ್ತದೆ. ಒಂದು ಮೀಟರ್ ಆಳದ ಎರಿ ಮಣ್ಣು ಬೆಳೆಗೆ ದಕ್ಕುವ ನೀರನ್ನು 150ರಿಂದ 200 ಮಿ.ಮೀ. ತನಕ ಹಿಡಿದಿಟ್ಟರೆ, ಉಸುಕು ಹಿಡಿಯುವುದು 60ರಿಂದ 80 ಮಿ.ಮೀ. ಮಾತ್ರ. ಮೂರು ವಾರದ ಗೋಧಿಯ ಬೇರು ಬಹಳವಾದರೆ ಒಂದು ಅಡಿ ಇಳಿದಿರುತ್ತದೆ. ಆ ಒಂದಡಿ ಉಸುಕಿನ ಹೊಟ್ಟೆ ಬರೀ 20 ಮಿ.ಮೀ. ಚಿಲ್ಲರೆ. ಅದರ ಮೇಲೆ 50 ಮಿ.ಮೀ. ಸುರಿದರೆ ಉಳಿದದ್ದು ಎಲ್ಲಿಗೆ ಹೋದೀತು? ಪಾತಾಳಕ್ಕೆ. ಬರಿಗೈಯಲ್ಲೂ ಹೋಗುವುದಿಲ್ಲ, ಯೂರಿಯಾ ಕರಗಿ ಆದ ನೈಟ್ರೇಟನ್ನು ಕೈಹಿಡಿದು ಕರೆದೊಯ್ಯುತ್ತದೆ. ನಾಲ್ಕೈದು ದಿನಕ್ಕೆ ಮೇಲಿನ ಮಣ್ಣು ಒಣಗಿ, ಮುಂದಿನ ಪಾಳಿಯ ತನಕ ಗಿಡ ಬಾಯಿ ಬಿಟ್ಟು ನಿಲ್ಲುತ್ತದೆ. ಗಡದ್ದು ನೀರು ಬಿಟ್ಟವನಿಗೆ ಹೊಲ ತಣಿಯಿತು ಅನಿಸುತ್ತದೆ. ತಣಿದದ್ದು ಬೇರಿನ ಕೆಳಗಿನ ಉಸುಕು.

ಕಾಂಪೋಸ್ಟ್ ಇಲ್ಲಿ ಎರಡು ಕೆಲಸ ಮಾಡುತ್ತದೆ. ಸ್ಪಂಜಿನಂತೆ ನೀರು ಹಿಡಿಯುತ್ತದೆ, ಪೋಷಕಾಂಶಗಳಿಗೆ ಕೂರಲು ಜಾಗ ಕೊಡುತ್ತದೆ. ಆದರೆ ಅದರ ಕೈಯೂ ದೊಡ್ಡದಲ್ಲ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 900 ಟನ್. ನಾವು ಹಾಕುವ 4 ಟನ್ ಕಾಂಪೋಸ್ಟಿನಲ್ಲಿ ಅರ್ಧ ನೀರೇ. 900 ಟನ್ ಉಸುಕಿಗೆ 2 ಟನ್ ಒಣ ಗೊಬ್ಬರವೆಂದರೆ ದೊಡ್ಡ ಕೊಳಗ ಹಿಟ್ಟಿಗೆ ಚಿಟಿಕೆ ಉಪ್ಪು. ಇಷ್ಟು ಸಣ್ಣ ಸ್ಪಂಜಿನ ಮೇಲೆ ಹೊಳೆ ಹರಿಸಿದರೆ ಅದೇನು ಹಿಡಿದೀತು? ಸ್ವಲ್ಪ ಸ್ವಲ್ಪ ಕೊಟ್ಟರೆ ಹಿಡಿಯುತ್ತದೆ, ಮೇಲಿನ ಮಣ್ಣು ಹಸಿಯಾಗಿದ್ದರೆ ಅದರಲ್ಲಿರುವ ಸೂಕ್ಷ್ಮಜೀವಿಗಳೂ ಕೆಲಸ ಮಾಡಿ ಗಿಡಕ್ಕೆ ಅನ್ನ ಬಿಡಿಸಿಕೊಡುತ್ತವೆ. ಒಣ ಉಸುಕಿನಲ್ಲಿ ಕಾಂಪೋಸ್ಟ್ ಸುಮ್ಮನೆ ಕೂತಿರುತ್ತದೆ. ನನ್ನ ಮೂವತ್ತು ಕಿಲೋ ಹೀಗೆ ಬಂದಿದೆ ಎಂದು ನಾನು ತಿಳಿದಿದ್ದೇನೆ.

ಹಾಕಿದ ಗೊಬ್ಬರ ಉಸುಕಿನಲ್ಲಿ ಎಷ್ಟು ವರ್ಷ ನಿಲ್ಲುತ್ತದೆ ಎಂಬ ಪ್ರಶ್ನೆಯೂ ಇದೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ 1843ರಿಂದ ಒಂದು ಹೊಲದಲ್ಲಿ ಗೋಧಿಯ ಪ್ರಯೋಗ ನಡೆದುಬಂದಿದೆ. ಅಲ್ಲಿಯ ಜಿಗುಟು ಮಣ್ಣಿಗೆ ವರ್ಷವೂ ಕೊಟ್ಟಿಗೆ ಗೊಬ್ಬರ ಹಾಕಿದ ತುಂಡಿನಲ್ಲಿ ಸಾವಯವ ಅಂಶ ಹಾಕದ ತುಂಡಿನ ಎರಡು ಪಟ್ಟಿಗೂ ಮೇಲೆ ಏರಿದೆ. ಜಿಗುಟು ಮಣ್ಣಿನ ಮಾತು ಉಸುಕಿಗೆ ನಡೆಯದು ಎಂದೇ 1876ರಲ್ಲಿ ವೊಬರ್ನ್ ಎಂಬಲ್ಲಿ ಉಸುಕು ನೆಲದ ಮೇಲೆ ಗೋಧಿ, ಬಾರ್ಲಿಯ ಪ್ರಯೋಗ ಬೇರೆಯಾಗಿ ಹೂಡಿದರು. ಬರೀ ಅಮೋನಿಯಾ ಗೊಬ್ಬರ ಸುರಿದ ತುಂಡುಗಳಲ್ಲಿ ಸುಮಾರು ಇಪ್ಪತ್ತು ವರ್ಷಕ್ಕೆ ಮಣ್ಣು ಹುಳಿಯೇರಿ ಬಾರ್ಲಿ ನಿಲ್ಲದಾಯಿತು. ಉಸುಕಿನಲ್ಲಿ ಸಾವಯವ ಅಂಶ ಬೇಗ ಸವೆಯುವುದನ್ನೂ ಅಲ್ಲಿ ಕಂಡಿದ್ದಾರೆ. ಅಲ್ಲಿಯ ತಂಪಿನಲ್ಲೇ ಹೀಗಾದರೆ ಏಪ್ರಿಲ್‌ನಲ್ಲಿ ಕಾಲಿಡಲಾಗದಷ್ಟು ಕಾಯುವ ನಮ್ಮ ಉಸುಕಿನಲ್ಲಿ ಗೊಬ್ಬರ ವರ್ಷದ ಕೂಲಿ ಇದ್ದಂತೆ. ಪ್ರತಿ ವರ್ಷ ಕೊಡಬೇಕು. ಮೂರು ವರ್ಷಕ್ಕೊಮ್ಮೆ ಹನ್ನೆರಡು ಟನ್ ಹಾಕುವುದಕ್ಕಿಂತ ವರ್ಷಕ್ಕೆ ನಾಲ್ಕೇ ವಾಸಿ.

ತಿಪ್ಪೆ ಬೇರೆ, ಕಾಂಪೋಸ್ಟ್ ಬೇರೆ

ಉಸುಕು ಹೊಲಕ್ಕೆ ಹಸಿ ತಿಪ್ಪೆ ಗೊಬ್ಬರ ಹಾಕಬೇಡಿರಿ ಎಂದು ಒತ್ತಿ ಹೇಳುತ್ತೇನೆ. ಕಳಿಯದ ಕಣಕಿ, ಹೊಟ್ಟು ಇದ್ದರೆ ಮೊದಲು ಬರುವುದು ಗೆದ್ದಲು. ಕಣಕಿ ತಿಂದು ಮುಗಿಸಿ ಗೋಧಿಯ ಬೇರಿಗೆ ಬಾಯಿ ಹಾಕುತ್ತದೆ. ಎರಡನೆಯದು, ಹಸಿ ಹುಲ್ಲನ್ನು ಕಳಿಸಲು ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು. ಅದನ್ನು ಗಿಡದ ಬಾಯಿಯಿಂದಲೇ ಕಸಿಯುತ್ತವೆ. ಬಿತ್ತಿದ ತಿಂಗಳಿಗೆ ಗೋಧಿ ಹಳದಿಯಾಗಿ ನಿಂತರೆ ಹಲವರು ಇನ್ನಷ್ಟು ಯೂರಿಯಾ ಎಸೆಯುತ್ತಾರೆ, ಮರುದಿನ ಗಡದ್ದು ನೀರು ಬಿಡುತ್ತಾರೆ. ಯೂರಿಯಾದ ರೊಕ್ಕ ಬೋರ್‌ವೆಲ್ಲಿಗೆ ವಾಪಸ್!

ನಮ್ಮಲ್ಲಿ ಎರಡು ಎತ್ತು, ಒಂದು ಎಮ್ಮೆ. ಮೂರೂ ಕೂಡಿ ದಿನಕ್ಕೆ ಮೂವತ್ತು ಕಿಲೋ ಹೆಂಡಿ ಹಾಕುತ್ತವೆ. ಕುಳ್ಳು ತಟ್ಟುವುದನ್ನು ನಿಲ್ಲಿಸಿದ್ದರಿಂದ ಅಷ್ಟೂ ಹೊಲಕ್ಕೆ. ಜೋಳದ ಕಣಕಿಯ ದಂಟು, ತೊಗರಿ ಹೊಟ್ಟು, ಬದುವಿನ ಕಸ (ಬೀಜ ಕಟ್ಟುವ ಮೊದಲೇ ಕೊಯ್ದದ್ದು), ಕೊಟ್ಟಿಗೆಯ ಗಂಜಲ ಕುಡಿದ ಮಣ್ಣು ಇವನ್ನು ಅರ್ಧ ಅಡಿ ಕಸ, ಎರಡು ಇಂಚು ಹೆಂಡಿ, ತೆಳುವಾಗಿ ಮಣ್ಣು ಎಂಬ ಲೆಕ್ಕದಲ್ಲಿ ನಾಲ್ಕಡಿ ಎತ್ತರ ಒಟ್ಟುತ್ತೇವೆ. ಬೇವಿನ ನೆರಳಿನಲ್ಲಿ, ನೆಲದ ಮೇಲೆಯೇ. ತಗ್ಗು ತೋಡಿದರೆ ಮಳೆಗಾಲದಲ್ಲಿ ನೀರು ನಿಂತು ನಾರುತ್ತದೆ. ಇಂದೂರಿನಲ್ಲಿ 1924ರಿಂದ 1931ರವರೆಗೆ ಆಲ್ಬರ್ಟ್ ಹೊವಾರ್ಡ್ ರೂಪಿಸಿದ ಕ್ರಮವೂ ಹೆಚ್ಚುಕಡಿಮೆ ಇದೇ. ಆ ಮನುಷ್ಯ ಅದಕ್ಕೂ ಮೊದಲು ಬಿಹಾರದ ಪೂಸಾದಲ್ಲಿ ಗೋಧಿ ತಳಿಗಳ ಮೇಲೆ ವರ್ಷಗಟ್ಟಲೆ ದುಡಿದವನು.

ಹಸಿ ಎಷ್ಟಿರಬೇಕೆಂದರೆ ಹಿಡಿಯಲ್ಲಿ ಹಿಂಡಿದರೆ ಬೆರಳ ಸಂದಿನಲ್ಲಿ ನೀರು ಒಸರಬೇಕು, ತೊಟ್ಟಿಕ್ಕಬಾರದು. ವಾರದೊಳಗೆ ಕಬ್ಬಿಣದ ಸರಳು ಚುಚ್ಚಿ ತೆಗೆದರೆ ಹಿಡಿಯಲಾಗದಷ್ಟು ಬಿಸಿ ಇರಬೇಕು. ಬಿಸಿ ಇಳಿದಾಗ ಬುಡಮೇಲು ಮಾಡಬೇಕು. ನಾವು ಮೂರು ಸಲ ಮಾಡುತ್ತೇವೆ. ಜೂನ್ ಕೊನೆಗೆ ಒಟ್ಟಿದ್ದು ಅಕ್ಟೋಬರ್‌ಗೆ ಸಿದ್ಧ. ಕಳಿತಿದೆಯೋ ಇಲ್ಲವೋ ಎಂಬ ಅನುಮಾನ ಇದ್ದರೆ ಒಂದು ಹಿಡಿಯನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಾಲ್ಕು ದಿನ ಇಡಿ. ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸರಿ. ಕೊಳೆತ ನಾತ ಬಂದರೆ ಇನ್ನೂ ತಿಂಗಳು ಬೇಕು.

ಬಹಳ ಮಂದಿ ಬೇಸಿಗೆಯಲ್ಲೇ ಗೊಬ್ಬರ ಚೆಲ್ಲಿ ಆಳವಾಗಿ ರಂಟೆ ಹೊಡೆಯುತ್ತಾರೆ. ಎರಿಗೆ ಅದು ನಡೆದೀತು. ಉಸುಕಿನಲ್ಲಿ ಹಾಗೆ ಹಾಕಿದ್ದು ಅರ್ಧ ಬಿಸಿಲಿಗೆ, ಅರ್ಧ ಮುಂಗಾರು ಮಳೆಗೆ ಹೋಗಿ ನವೆಂಬರ್‌ಗೆ ಹೆಸರಷ್ಟೇ ಉಳಿಯುತ್ತದೆ. ನಾವು ಬಿತ್ತುವ ವಾರ ಚೆಲ್ಲಿ ಕುಂಟಿ ಹೊಡೆದು ಮೇಲಿನ ಮೂರು ನಾಲ್ಕು ಇಂಚಿನಲ್ಲೇ ಬೆರೆಸುತ್ತೇವೆ. ಕಾಂಪೋಸ್ಟಿನ ಜೊತೆ ಹತ್ತಿರದ ಕೆರೆಯ ಹೂಳು ಸಿಕ್ಕರೆ ಇನ್ನೂ ಒಳ್ಳೆಯದು. ಹೂಳಿನ ಜಿಗುಟು ಕಣಗಳು ಗೊಬ್ಬರವನ್ನು ಅಪ್ಪಿಕೊಂಡು ಬೇಗ ಸವೆಯಲು ಬಿಡುವುದಿಲ್ಲ.

ಕಾಂಪೋಸ್ಟ್ ಹಾಕಿದ್ದೇನೆಂದು ಮೇಲುಗೊಬ್ಬರ ಪೂರ್ತಿ ಬಿಟ್ಟರೆ ಮೊದಲ ವರ್ಷ ಗೋಧಿ ಸೊರಗುತ್ತದೆ. ನಾಲ್ಕು ಟನ್ ಗೊಬ್ಬರದಲ್ಲಿ ಸುಮಾರು 20 ಕಿಲೋ ಸಾರಜನಕ ಇದ್ದೀತು. ಅದರಲ್ಲಿ ಆ ಬೆಳೆಗೆ ದಕ್ಕುವುದು ಕಾಲುಭಾಗ, ಬಹಳವಾದರೆ ಮೂರನೆಯ ಒಂದು ಭಾಗ. ನೀರಾವರಿ ಗೋಧಿಗೆ ಎಕರೆಗೆ ಬೇಕಾದದ್ದು 40 ಕಿಲೋ. ಲೆಕ್ಕ ನೀವೇ ಹಾಕಿಕೊಳ್ಳಿ. ವರ್ಷ ವರ್ಷ ಹಾಕುತ್ತ ಹೋದರೆ ಹಿಂದಿನ ವರ್ಷದ ಉಳಿಕೆಯೂ ಸೇರುತ್ತದೆ. ಆಗ ಯೂರಿಯಾ ಇಳಿಸುತ್ತ ಬರಬಹುದು.

ಮಡಿ ಗಿಡ್ಡ, ಪಾಳಿ ಹತ್ತಿರ

ಉಸುಕಿನಲ್ಲಿ ನೂರಡಿ ಉದ್ದದ ಮಡಿ ಮಾಡಿದರೆ ನೀರು ಆ ತುದಿ ಮುಟ್ಟುವುದರೊಳಗೆ ಈ ತುದಿ ನಾಲ್ಕು ಪಟ್ಟು ಕುಡಿದಿರುತ್ತದೆ. ನಮ್ಮ ಮಡಿ ಆರಡಿ ಅಗಲ, ಇಪ್ಪತ್ತೈದು ಅಡಿ ಉದ್ದ. ಕಾಲುವೆಯಲ್ಲಿ ನೀರು ಇಂಗದಂತೆ ಸುತ್ತಿಡುವ ಪ್ಲಾಸ್ಟಿಕ್ ಪೈಪಿನಿಂದ ಮಡಿಯ ಬಾಯಿಗೇ ಬಿಡುತ್ತೇವೆ. ಸ್ಪ್ರಿಂಕ್ಲರ್ ಇದ್ದವರಿಗೆ ಈ ತಾಪತ್ರಯ ಇಲ್ಲ. ಮಾಡಲು ಮೈಮುರಿಯುವ ಕೆಲಸ, ಅದನ್ನು ಮುಚ್ಚಿಡುವುದಿಲ್ಲ. ಅರ್ಧ ಎಕರೆಗೆ ಬೋದು ಏರಿಸಲು ನಾವು ಇಬ್ಬರು ಎರಡು ದಿನ ಗುದ್ದಲಿ ಹಿಡಿದೆವು. ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಮೂರು ನಿಮಿಷಕ್ಕೊಂದು ಮಡಿ ತಿರುವುತ್ತ ಚಳಿಯಲ್ಲಿ ನಿಲ್ಲಬೇಕು.

ನೀರು ಯಾವಾಗ ಎಂದು ತಾರೀಕು ನೋಡುವುದಕ್ಕಿಂತ ಮಣ್ಣು ನೋಡುವುದು ನಂಬಿಗಸ್ತ. ಒಂದು ಗೇಣು ಕೆದರಿ ಮಣ್ಣನ್ನು ಹಿಡಿಯಲ್ಲಿ ಒತ್ತಿ. ಉಂಡೆ ನಿಂತರೆ ಇನ್ನೂ ಒಂದೆರಡು ದಿನ ತಡೆಯಬಹುದು. ಮುಟ್ಟಿದ ಕೂಡಲೇ ಪುಡಿಯಾದರೆ ಅವತ್ತೇ ನೀರು. ಆದರೆ ಕೆಲವು ಹೊತ್ತು ಮಾತ್ರ ತಪ್ಪಬಾರದು. ಬಿತ್ತಿದ 20–21ನೇ ದಿನ ಮುಕುಟ ಬೇರು ಮೂಡುತ್ತದೆ. ಆಗ ಮೇಲಿನ ಮಣ್ಣು ಒಣಗಿದ್ದರೆ ಆ ಬೇರು ಮೂಡುವುದಿಲ್ಲ, ಮರಿ ಒಡೆಯುವುದೂ ಇಲ್ಲ. ಮುಂದೆ ಎಷ್ಟು ನೀರು ಹಾಯಿಸಿದರೂ ಆ ನಷ್ಟ ತುಂಬದು. ನಂತರ ಮರಿ ಒಡೆಯುವಾಗ, ಹೊಡೆ ಬರುವಾಗ, ಹೂವಿನಲ್ಲಿ, ಕಾಳಿಗೆ ಹಾಲು ತುಂಬುವಾಗ.

ಹೂವಿನ ಹೊತ್ತು ನಮಗೆ ಸರಿಯಾಗಿ ಬನಶಂಕರಿ ಜಾತ್ರೆಯ ಹತ್ತಿರ ಬರುತ್ತದೆ, ಪುಷ್ಯದ ಹುಣ್ಣಿಮೆ ಆಸುಪಾಸು. ರಾತ್ರಿಯೆಲ್ಲ ನಾಟಕ ಕಂಪನಿಗಳ ಆಟ. ನೀರು ತಿರುವುವ ಹುಡುಗರು ಹೊಲದ ಕಡೆ ಮುಖ ಹಾಕುವುದಿಲ್ಲ. ಉಸುಕು ಜಾತ್ರೆಗೆ ರಜೆ ಕೊಡದು. ಆ ವಾರ ಹೆಂಗಸರೂ ಮಕ್ಕಳೂ ಸೇರಿ ಪಾಳಿ ಹಂಚಿಕೊಳ್ಳುತ್ತೇವೆ. ಹಾಲುಗಾಳಿನ ನಂತರ ಗಾಳಿ ಇರುವ ದಿನ ನೀರು ಬಿಡುವುದಿಲ್ಲ. ತೆನೆ ಭಾರವಾದ ಬೆಳೆ ಸಡಿಲ ಉಸುಕಿನಲ್ಲಿ ಅಡ್ಡ ಮಲಗಿಬಿಡುತ್ತದೆ.

ಬರದ ವರ್ಷ

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದಲ್ಲಿ 220ಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತ ಎಂದು ಸಾರಿದ ವರ್ಷ ಅದು. ನವೆಂಬರ್‌ನಲ್ಲಿ ಡ್ರಮ್ ಹಿಡಿದು ನೋಡಿದರೆ 200 ಲೀಟರ್ ತುಂಬಲು ನಾಲ್ಕು ನಿಮಿಷ. ತಾಸಿಗೆ 3,000 ಲೀಟರ್. ಅಣ್ಣನ ಮುಂದೆ ಹಾಳೆ ಇಟ್ಟೆ. ಎಕರೆಗೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರ್, ಅಂದರೆ 34 ತಾಸಿನ ಪಂಪು. ಎಂಟು ದಿನದಲ್ಲಿ ನಮ್ಮ ಪಾಳಿ ನಾಲ್ಕು ದಿನ, ದಿನಕ್ಕೆ ಏಳು ತಾಸು ಕರೆಂಟು, ಒಟ್ಟು 28 ತಾಸು. ಎಕರೆ ಬಿತ್ತಿದರೆ ಒಂದು ಸಲವೂ ಪಾಳಿ ಮುಗಿಯುವುದಿಲ್ಲ. ಅರ್ಧ ಎಕರೆಗೆ 17 ತಾಸು. ಉಳಿದ ಹನ್ನೊಂದು ತಾಸು ಉಳ್ಳಾಗಡ್ಡಿ ಮಡಿಗೆ.

ಅಣ್ಣ ಬಹಳ ಹೊತ್ತು ಹಾಳೆ ನೋಡಿದ. “ಅರ್ಧ ಹೊಲ ಬೀಳ ಬಿಟ್ರ ಊರಾಗ ಏನ ಅಂತಾರ?” ಎಂದ. ಅಷ್ಟು ಹೊತ್ತು ಸುಮ್ಮನಿದ್ದ ಅವ್ವ, “ಊರ ಮಂದಿ ನಮ್ಮ ಹಗೇವು ತುಂಬಸತಾರೇನೋ?” ಎಂದಳು. ಇಪ್ಪತ್ತೇ ಗುಂಟೆ ಬಿತ್ತಿದೆವು. ಇದ್ದ ಎರಡು ಟನ್ ಕಾಂಪೋಸ್ಟ್ ಪೂರ್ತಿ ಅದಕ್ಕೇ ಹಾಕಿ, ಗಿಡ್ಡ ಮಡಿ ಮಾಡಿ, ಎಂಟು ದಿನಕ್ಕೊಮ್ಮೆ ಒಂದಿಂಚು ನೀರು ಕೊಟ್ಟೆವು. ಉಳಿದರ್ಧದಲ್ಲಿ ಅಕ್ಟೋಬರ್‌ನಲ್ಲೇ ನನ್ನ ಹೆಂಡತಿಯ ಹುರುಳಿ ಬಿದ್ದಿತ್ತು. ಅದು ಒಂದು ಚೀಲ ಕಾಳಾಯಿತು, ಹೊಟ್ಟು ಎಮ್ಮೆಗಾಯಿತು.

ಗೋಧಿ ತೂಗಿದಾಗ 5 ಕ್ವಿಂಟಲ್ 10 ಕಿಲೋ. ನೀರಿದ್ದ ವರ್ಷಗಳಲ್ಲಿ ಎಕರೆ ತುಂಬ ಬಿತ್ತಿ ತೆಗೆಯುತ್ತಿದ್ದುದಕ್ಕೆ ಒಂದು ಕ್ವಿಂಟಲ್ ಕಡಿಮೆ, ಅಷ್ಟೇ. ಬೀಜ, ರಸಗೊಬ್ಬರ, ಆಳಿನ ಖರ್ಚು ಅರ್ಧ. ಫೆಬ್ರವರಿ ಮೂರನೆಯ ವಾರಕ್ಕೆ ದೊಡ್ಡಪ್ಪನವರ ಮೆಣಸಿನಕಾಯಿಗೂ ನೀರು ಉಳಿದಿತ್ತು. ಪಾಳಿಯ ಜಗಳ ಆ ವರ್ಷ ಒಂದೂ ಆಗಲಿಲ್ಲ ಎಂಬುದನ್ನು ನಾನು ಆದಾಯದ ಲೆಕ್ಕದಲ್ಲೇ ಬರೆದುಕೊಂಡಿದ್ದೇನೆ.

ಮಾರಾಟಕ್ಕೆಂದು ಐದಾರು ಎಕರೆ ಗೋಧಿ ಬಿತ್ತುವವರಿಗೆ ಈ ಕ್ರಮ ಹೊಂದುತ್ತದೆ ಎಂದು ನಾನು ಹೇಳಲಾರೆ. ಅಷ್ಟು ಕಾಂಪೋಸ್ಟ್ ಎಲ್ಲಿಂದ ತರುವುದು, ಅಷ್ಟು ಮಡಿ ಯಾರು ತಿರುವುವುದು? ನಮ್ಮಂತೆ ಎರಡು ಮೂರು ದನ, ಪಾಲಿನ ಬೋರ್‌ವೆಲ್, ಮನೆಯೂಟಕ್ಕೆ ಗೋಧಿ ಎನ್ನುವವರು ಮಾಡಿ ನೋಡಬಹುದು. ಎಕರೆ ಪೂರ್ತಿ ಬೇಡ, ಐದು ಗುಂಟೆಯಲ್ಲಿ ನೋಡಿ. ಕಾಂಪೋಸ್ಟನ್ನೂ ಪಂಪಿನ ತಾಸನ್ನೂ ಬರೆದಿಡಿ, ರಾಶಿಯನ್ನು ಬೇರೆ ತೂಗಿ.

ಈಗ ಬೋರ್‌ವೆಲ್ ಸ್ವಲ್ಪ ಚೇತರಿಸಿದೆ. ನೀರು ನೋಡಿ ಗುಂಟೆ ಗೊತ್ತು ಮಾಡುವ ಪದ್ಧತಿ ಮನೆಯಲ್ಲಿ ನಿಂತಿದೆ. ದಸರೆ ಮುಗಿದ ಮೇಲೆ ಡ್ರಮ್ಮನ್ನೂ ಗಡಿಯಾರವನ್ನೂ ಹಿಡಿದು ಮೊದಲು ಬೋರ್‌ವೆಲ್ಲಿಗೆ ಹೋಗುವವನು ಅಣ್ಣನೇ.